ಸಕ್ಕರೆ ಗಾಜು ಮಾಡುವ ಹಲ್ಡಾ

"ಅಮ್ಮಾ, ಮಿಸೆಸ್ ಬರ್ಗ್ ಗಾಜನ್ನೇ ಕಟುಂ ಕಟುಂ ಅಂತ ಕಡಿದು ತಿಂತಾರೆ. ಮತ್ತೆ ಫೋಟೊ ತೆಗೀತೀನಿ ಅಂದ್ರೆ ಮಾತ್ರ ಯಾಕೆ ಹೆದರ್ತಾರೆ?"

ಐದು ವರ್ಷದ ಪೆಗ್ಗಿ ಇದನ್ನು ಕೇಳಿದ್ದು ಸ್ನಾನದ ತೊಟ್ಟಿಯಲ್ಲಿ ಕೂತು, ತಲೆ ತುಂಬ ಸೋಪಿನ ನೊರೆ ಹೊತ್ತುಕೊಂಡು. ಅವಳ ತಾಯಿ ಮೇವಿಸ್ ಡೋಲನ್ ಎತ್ತಿದ ಮಗ್ಗನ್ನು ಎತ್ತಿದ ಹಾಗೇ ಹಿಡಿದು ಯೋಚಿಸಿದಳು. ನೊರೆ ಮಗುವಿನ ಹುಬ್ಬಿನವರೆಗೆ ಇಳಿಯಿತು. "ಕಣ್ಣು ಮುಚ್ಕೊ" ಎಂದು ನೀರು ಹೊಯ್ದಳು.

ಮಧ್ಯಾಹ್ನ ನಡೆದದ್ದು ಇಷ್ಟು. ಪೆಗ್ಗಿಯ ಚಿಕ್ಕಪ್ಪ ತನ್ನ ಹಳೆಯ ಡಬ್ಬಿ ಕ್ಯಾಮೆರಾವನ್ನು ಅವಳಿಗೆ ಕೊಟ್ಟು ಹೋಗಿದ್ದ. ಮಗು ಅದನ್ನು ಕತ್ತಿಗೆ ನೇತುಹಾಕಿಕೊಂಡು ವಠಾರದಲ್ಲಿ ಕಂಡಕಂಡವರ ಫೋಟೊ ತೆಗೆಯುತ್ತ ಬಂದು, ಎದುರು ಮನೆಯ ಮೆಟ್ಟಿಲ ಮೇಲೆ ಬಟಾಣಿ ಬಿಡಿಸುತ್ತಿದ್ದ ಹಲ್ಡಾ ಬರ್ಗ್ ಮುಂದೆ ನಿಂತು, "ನಗಿ ಮಿಸೆಸ್ ಬರ್ಗ್!" ಎಂದಿತು. ಹಲ್ಡಾ ನಗಲಿಲ್ಲ. ಏಪ್ರನ್ ಎತ್ತಿ ಮುಖಕ್ಕೆ ಮುಚ್ಚಿಕೊಂಡಳು. ಮಡಿಲಲ್ಲಿದ್ದ ಬಟಾಣಿಯೆಲ್ಲ ಮೆಟ್ಟಿಲಿಳಿದು ಹುಲ್ಲಿಗೆ ಚೆಲ್ಲಿತು. ಕ್ಯಾಮೆರಾದಲ್ಲಿ ರೀಲೇ ಇಲ್ಲ ಎಂದು ಮೇವಿಸ್ ಕೂಗಿ ಹೇಳಿದ ಮೇಲೂ ಆ ಏಪ್ರನ್ ಸ್ವಲ್ಪ ಹೊತ್ತು ಇಳಿಯಲಿಲ್ಲ.

ಗಾಜು ತಿನ್ನುವ ಮಾತಿಗೆ ಉತ್ತರ ಪೆಗ್ಗಿಗೂ ಗೊತ್ತಿತ್ತು. ಹಾಲಿವುಡ್ಡಿನ ಆ ವಠಾರದ ಎಂಟು ಪುಟ್ಟ ಮನೆಗಳಲ್ಲಿ ಐದರ ಒಲೆ ಉರಿಯುತ್ತಿದ್ದುದು ಎರಡು ಬೀದಿಯಾಚೆಗಿನ ಸ್ಟುಡಿಯೋದ ಸಂಬಳದಿಂದ. ಮೇವಿಸ್ ಅಲ್ಲಿ ಕ್ಯಾಮೆರಾದ ಪಕ್ಕ ಕೂತು ಬರೆಯುವವಳು. ನಾಯಕನ ಸಿಗರೇಟು ಎಷ್ಟು ಉರಿದಿತ್ತು, ನಾಯಕಿಯ ಕೈಗವಸು ಯಾವ ಕೈಯಲ್ಲಿತ್ತು, ಯಾರು ಯಾವ ಮಾತಿಗೆ ಎದ್ದು ನಿಂತರು, ಎಲ್ಲವನ್ನೂ ಹಾಳೆಗೆ ಇಳಿಸಬೇಕು. ಹಲ್ಡಾ ಮಾಡುತ್ತಿದ್ದುದು ಒಡೆಯುವ ಗಾಜು. ಕುಡುಕರ ಜಗಳದಲ್ಲಿ ತಲೆಗೆ ಬೀಳುವ ಬಾಟಲಿ, ಕಳ್ಳ ಹಾರಿ ಹೋಗುವ ಕಿಟಕಿ, ಮನಸ್ಸು ಮುರಿದ ಹೆಣ್ಣು ಗೋಡೆಗೆಸೆಯುವ ಬಟ್ಟಲು, ಎಲ್ಲವೂ ಆಕೆಯ ಕೈಯ ಸಕ್ಕರೆಯವು.

ಸ್ಟುಡಿಯೋದ ಹಿಂಬದಿಯಲ್ಲಿ, ಬಣ್ಣದ ಕೋಣೆಗೂ ಕುದುರೆ ಲಾಯಕ್ಕೂ ನಡುವೆ, ತಗಡಿನ ಮಾಡಿನ ಒಂದು ಕೊಟ್ಟಿಗೆ ಆಕೆಯದು. ಅಲ್ಲಿ ಒಂದು ತಾಮ್ರದ ಕಡಾಯಿ, ಒಂದು ಅಮೃತಶಿಲೆಯ ಹಾಸು, ಗೋಡೆ ತುಂಬ ಅಚ್ಚುಗಳು. ಸಕ್ಕರೆ, ಜೋಳದ ಸಿರಪ್ಪು, ನೀರು ಕೂಡಿಸಿ ಕುದಿಸುವುದು. ಎಳೆ ಪಾಕ ದಾಟಿ, ಉಂಡೆ ಪಾಕ ದಾಟಿ, ತಣ್ಣೀರಿಗೆ ಬಿಟ್ಟ ಹನಿ ಟಕ್ ಎಂದು ಮುರಿಯುವ ತನಕ ಕಾಯುವುದು. ಬಣ್ಣ ಹಳದಿಗೆ ತಿರುಗುವ ಒಂದು ಗಳಿಗೆ ಮೊದಲೇ ಇಳಿಸಿ ಎಣ್ಣೆ ಸವರಿದ ಕಲ್ಲಿನ ಮೇಲೆ ಸುರಿಯುವುದು. ಆ ಒಂದು ಗಳಿಗೆಯಲ್ಲೇ ಎಲ್ಲ ಇತ್ತು. ಬೇರೆ ಸ್ಟುಡಿಯೋದವರು ಮಾಡಿದ ಗಾಜು ಗಂಜಿ ತಿಳಿಯ ಹಾಗೆ ಮಬ್ಬಾಗಿರುತ್ತಿತ್ತು. ಹಲ್ಡಾಳ ಗಾಜಿನಾಚೆ ಇಟ್ಟ ಪತ್ರಿಕೆಯನ್ನು ಮೇವಿಸ್ ನಿಂತಲ್ಲೇ ಓದುತ್ತಿದ್ದಳು.

ಅಷ್ಟು ತಿಳಿಯಾಗಿದ್ದುದರಿಂದಲೇ ಆಕೆಗೊಂದು ಅಭ್ಯಾಸ ಅಂಟಿಕೊಂಡಿತ್ತು. ತನ್ನ ಕೈಯಿಂದ ನಟನ ಕೈಗೆ ಹೋಗುವ ಮುನ್ನ ಪ್ರತಿ ಬಾಟಲಿಯನ್ನೂ ಒಮ್ಮೆ ನೆಕ್ಕುತ್ತಿದ್ದಳು. ಮೇಜಿನ ಮೇಲೆ ನಿಜವಾದ ಬಾಟಲಿಗಳೂ ಇರುತ್ತವಲ್ಲ, ಕಣ್ಣನ್ನು ಹೇಗೆ ನಂಬುವುದು? ಕುದುರೆ ಸವಾರಿಯ ಚಿತ್ರಗಳ ಗಂಡಸರು ಕೀಟಲೆ ಮಾಡುತ್ತಿದ್ದರು.

"ಹಲ್ಡಾ, ನನ್ನ ತಲೆ ಮೇಲೆ ಬೀಳೋದಕ್ಕೂ ಒಂದು ಮುತ್ತಾ? ನನಗಿಲ್ವಾ?"

"ನಿನ್ನ ತಲೆ ಗಟ್ಟಿ ಅಂತ ಗೊತ್ತಪ್ಪಾ, ನೋಡ್ಬೇಕಾಗಿಲ್ಲ. ಬಾಟಲೀದೇ ಚಿಂತೆ ನಂಗೆ."

ಎರಡನೇ ಮಹಾಯುದ್ಧ ಮುಗಿದು ವರ್ಷವಾಗಿದ್ದರೂ ಮನೆಮನೆಯಲ್ಲಿ ಸಕ್ಕರೆ ಇನ್ನೂ ರೇಷನ್ ಚೀಟಿಯ ಲೆಕ್ಕದಲ್ಲೇ ಬರುತ್ತಿತ್ತು. ಹಾಗಾಗಿ ಕಿಟಕಿ ಒಡೆಯುವ ದಿನ ಸೆಟ್ಟಿನಲ್ಲಿ ಹಬ್ಬ. ಚೂರು ನೆಲಕ್ಕೆ ಬಿದ್ದು ನಿರ್ದೇಶಕ "ಕಟ್" ಅಂದರೆ ಸಾಕು, ದೀಪದವರು, ಬಡಗಿಗಳು, ಬಣ್ಣ ಹಚ್ಚುವವರು ಜೇಬಿನಿಂದ ಕಾಗದದ ಚೀಲ ತೆಗೆಯುತ್ತಿದ್ದರು. ಮಕ್ಕಳಿರುವವರಿಗೆ ಮೊದಲು ಎಂಬುದು ಹಲ್ಡಾಳ ಕಾಯಿದೆ. ಅದನ್ನು ಮೀರಿದವನಿಗೆ ಮುಂದಿನ ಸಲ ಬೈಗುಳದ ಚೂರು ಮಾತ್ರ. ಪೆಗ್ಗಿಯ ಜಾಡಿಯಲ್ಲಿ ಒಂದು ಬ್ಯಾಂಕಿನ ಕಿಟಕಿಯೂ ಮೂರು ಹೋಟೆಲುಗಳ ಕಿಟಕಿಯೂ ಇದ್ದವು.

ಉಳಿದದ್ದು ಫೋಟೊ. ಯೋಚಿಸಿದರೆ ಮಗು ಕೇಳಿದ್ದು ಸರಿಯಾಗಿಯೇ ಇತ್ತು. ಊರಿಗೆ ಊರೇ ಕ್ಯಾಮೆರಾ ಮುಂದೆ ಬರಲು ಹಾತೊರೆಯುವ ಜಾಗದಲ್ಲಿ ಹಲ್ಡಾ ಹನ್ನೆರಡು ವರ್ಷ ಅದರ ಹಿಂದೆಯೇ ಕಳೆದಿದ್ದಳು. ಚಿತ್ರ ಮುಗಿದ ದಿನ ಎಲ್ಲರೂ ಸಾಲಾಗಿ ನಿಂತು ಫೋಟೊ ತೆಗೆಸಿಕೊಳ್ಳುವಾಗ ಆಕೆಗೆ ಒಲೆಯ ಮೇಲೆ ಏನೋ ಇಟ್ಟದ್ದು ನೆನಪಾಗುತ್ತಿತ್ತು. ಸ್ಟುಡಿಯೋದ ಗುರುತಿನ ಚೀಟಿಗೆ ಫೋಟೊ ತೆಗೆಯುವಾಗ ಸೀನಿದ್ದಳು. ಅದರಲ್ಲಿ ಒಂದು ಟೋಪಿಯೂ ಅದರ ಕೆಳಗೆ ಮಂಜೂ ಕಾಣುತ್ತಿತ್ತು.

ಮರುದಿನ ಭಾನುವಾರ. ತಂತಿಯ ಮೇಲೆ ಹಾಸಿಗೆ ಬಟ್ಟೆ ಹರವುವಾಗ ಮೇವಿಸ್ ನೇರವಾಗಿ ಕೇಳಿದಳು. ಸುತ್ತಿ ಬಳಸಿ ಕೇಳಿದರೆ ಹಲ್ಡಾ ಅದಕ್ಕಿಂತ ದೊಡ್ಡ ಸುತ್ತು ಹೋಗುವವಳು.

"ಪೆಗ್ಗಿ ನಿನ್ನೆ ಮಾಡಿದ್ದು ನಿಮಗೆ ನೋವಾಯ್ತಾ?"

"ಮಗು ಏನು ಮಾಡ್ತು ಪಾಪ. ನನ್ನ ಬಟಾಣಿ ಇನ್ನೂ ಹುಲ್ಲಲ್ಲೇ ಇದೆ, ಅದೊಂದೇ ನಷ್ಟ." ಹಲ್ಡಾ ಒಂದು ಕ್ಲಿಪ್ಪನ್ನು ಹಲ್ಲಲ್ಲಿ ಕಚ್ಚಿ, ಬಟ್ಟೆಯ ಅಂಚು ಕೊಡವಿ, ಕ್ಲಿಪ್ಪು ತೆಗೆದಳು. "ನಂಗೊಬ್ಬ ಗಂಡ ಇದಾನೆ ಕಣೇ ಮೇವಿಸ್. ಸತ್ತಿದಾನೆ ಅಂತ ಎಲ್ರಿಗೂ ಹೇಳಿದೀನಿ, ನಿಂಗೂ ಹೇಳಿದ್ದೆ. ಸತ್ತಿಲ್ಲ."

ಒದ್ದೆ ಬಟ್ಟೆಯ ಎರಡು ಬದಿಯಲ್ಲಿ ಇಬ್ಬರೂ ನಿಂತಿದ್ದರು. ಬಹುಶಃ ಮುಖ ಕಾಣದ್ದರಿಂದಲೇ ಆಕೆಗೆ ಹೇಳುವುದು ಸುಲಭವಾಯಿತು.

ಉತ್ತರದ ಡುಲೂತ್ ಊರಲ್ಲಿ, ದೊಡ್ಡ ಸರೋವರದ ದಡದಲ್ಲಿ, ಗಂಡ ಹೆಂಡತಿ ಸೇರಿ ಮಿಠಾಯಿ ಅಂಗಡಿ ಇಟ್ಟಿದ್ದರು. ಗಂಡ ನಿಲ್ಸ್. ಅವನಷ್ಟು ಪ್ರೀತಿಸುವ ಗಂಡ ಆ ಬೀದಿಯಲ್ಲೇ ಇಲ್ಲ ಎಂದು ಗಿರಾಕಿಗಳು ಹೇಳುತ್ತಿದ್ದರು. ಚಳಿಗಾಲದಲ್ಲಿ ಅವಳ ಬೂಟನ್ನು ಒಲೆಯ ಹತ್ತಿರ ಬೆಚ್ಚಗೆ ಮಾಡಿ ತಂದು ಕಾಲಿಗೆ ತೊಡಿಸುವವನು. ಮದುವೆಯಾದ ಎರಡನೇ ವರ್ಷ, ದಾರಿಹೋಕರು ಅವಳನ್ನು ನೋಡುತ್ತಾರೆಂದು ಅಡುಗೆ ಕೋಣೆಯ ಕಿಟಕಿಗೆ ಬಿಳಿ ಬಣ್ಣ ಬಳಿದ. ಮೂರನೇ ವರ್ಷ ಅಂಗಡಿಯ ಕಿಟಕಿಗೂ ಅರ್ಧದವರೆಗೆ ಬಳಿದ. ಅವಳು ಯಾವ ಗಿರಾಕಿಗೆ ಎಷ್ಟು ಹೊತ್ತು ನಕ್ಕಳೆಂದು ಸಂಜೆ ಊಟಕ್ಕೆ ಕೂತಾಗ ಒಪ್ಪಿಸುತ್ತಿದ್ದ. ಪುದೀನ ಎಣ್ಣೆ ಮಾರುವವನೊಬ್ಬ ಒಂದು ದಿನ ಹತ್ತು ನಿಮಿಷ ಹೆಚ್ಚಿಗೆ ನಿಂತು ಮಾತಾಡಿದ. ಅವನು ಹೋದ ಮೇಲೆ ನಿಲ್ಸ್ ಬಾಗಿಲ ಚಿಲಕ ಹಾಕಿ, ಅವಳನ್ನು ಮಿಠಾಯಿ ಇಡುವ ಗಾಜಿನ ಪೆಟ್ಟಿಗೆಯ ಮೇಲೆ ದೂಡಿದ.

ಹಲ್ಡಾ ಅಂಗಿಯ ತೋಳು ಮಡಿಸಿ ಕೈಯನ್ನು ಬಟ್ಟೆಯ ಅಂಚಿನಿಂದ ಈಚೆ ಚಾಚಿದಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ಬೆಳ್ಳಗಿನ ಗೆರೆ. ಅದು ಪಾಕ ಸಿಡಿದು ಆದದ್ದು ಎಂದು ಮೇವಿಸ್ ಇಷ್ಟು ವರ್ಷ ತಿಳಿದಿದ್ದಳು.

"ಇಪ್ಪತ್ತಾರು ಹೊಲಿಗೆ. ಆಸ್ಪತ್ರೆಯಿಂದ ಬಂದ ಮೇಲೆ ಮಂಡಿ ಊರಿ ಕೂತು ಅತ್ತ. ಒಂದೊಂದು ಹೊಲಿಗೆಗೂ ಮುತ್ತು ಕೊಟ್ಟ. ನಿನ್ನನ್ನ ಬಿಟ್ಟಿರೋಕೆ ಆಗಲ್ಲ, ಎಲ್ಲಿದ್ರೂ ಹುಡುಕ್ತೀನಿ ಅಂದ. ಪೆಟ್ಟು ಬಿದ್ದ ದಿನ ನಂಗೆ ಹೊರಡ್ಬೇಕು ಅನ್ನಿಸಿರ್ಲಿಲ್ಲ ಮೇವಿಸ್. ಆ ಮುತ್ತು ಕೊಡುವಾಗ ಅನ್ನಿಸ್ತು."

ಒಂದು ವಾರದಲ್ಲಿ ಕಡಾಯಿ ಹೊತ್ತು ರೈಲು ಹತ್ತಿದಳು. ಮೊದಲು ಅಕ್ಕನ ಮನೆ, ಅಲ್ಲಿಗೆ ಬಂದ. ಆಮೇಲೆ ಫಾರ್ಗೋ ಊರಿನ ಮಿಠಾಯಿ ಕಾರ್ಖಾನೆ. ದೇಶದ ಕಾರ್ಖಾನೆಗಳಿಗೆಲ್ಲ ಅವಳ ಫೋಟೊ ಅಂಟಿಸಿ ಕಾಗದ ಬರೆದಿದ್ದನಂತೆ, ಅಲ್ಲಿಗೂ ಬಂದ. ಹಿಂಬಾಗಿಲಿನಿಂದ ಓಡಿದಳು. ಮಿಠಾಯಿ ಮಾಡುವವಳನ್ನು ಸಿನಿಮಾ ಸ್ಟುಡಿಯೋದಲ್ಲಿ ಯಾರು ಹುಡುಕುತ್ತಾರೆ ಎಂದು ಇಲ್ಲಿಗೆ ಬಂದಳು. ಅಡ್ಡಹೆಸರನ್ನು ರೈಲಿನಲ್ಲೇ ಬದಲಾಯಿಸಿಕೊಂಡಳು. ಹೋದ ಕ್ರಿಸ್‌ಮಸ್ಸಿಗೆ ಅಕ್ಕ ಬರೆದಿದ್ದಳು: ಅವನು ಇನ್ನೂ ಕೇಳಿಕೊಂಡು ಬರುತ್ತಾನೆ, ಬರುವಾಗ ಹೂ ತರುತ್ತಾನೆ.

"ಈಗ ಮಗೂಗೆ ಏನು ಹೇಳ್ತೀಯ?" ಹಲ್ಡಾ ಕೇಳಿದಳು.

"ನಿಮಗೆ ನಿಮ್ಮ ಮೂಗು ಇಷ್ಟ ಇಲ್ಲ ಅಂತೀನಿ."

"ನನ್ನ ಮೂಗಿಗೇನಾಗಿದೆಯೇ?" ಎಂದು ಬಟ್ಟೆ ಸರಿಸಿ ಇಣುಕಿದಳು ಹಲ್ಡಾ, ನಿಜವಾಗಿಯೂ ಸಿಟ್ಟಾದವಳ ಹಾಗೆ. ಇಬ್ಬರೂ ನಕ್ಕರು.

ಆಗ ಸ್ಟುಡಿಯೋದಲ್ಲಿ ನಡೆಯುತ್ತಿದ್ದ ಚಿತ್ರಕ್ಕೆ ಇನ್ನೂ ಹೆಸರಿಟ್ಟಿರಲಿಲ್ಲ. ಎಲ್ಲರ ಬಾಯಲ್ಲೂ ಅದು 'ನೂರ ಹದಿನೆಂಟು'. ಹಡಗುಗಳ ಒಡೆಯನೊಬ್ಬ ಬಡ ಹುಡುಗಿಯನ್ನು ಮೆಚ್ಚಿ ಮದುವೆಯಾಗುತ್ತಾನೆ. ಅವಳು ಪಿಯಾನೊ ಮೇಷ್ಟರ ಜೊತೆ ನಕ್ಕರೆ ಪಿಯಾನೊಗೆ ಬೀಗ. ತೋಟದಲ್ಲಿ ನಿಂತರೆ ತೋಟದ ಮಾಲಿಗೆ ರಜೆ. ಕೊನೆಗೆ ಬಿರುಗಾಳಿ ಬೀಸುವಾಗ ಅವಳು ಹೂಗಿಡಗಳ ಗಾಜಿನ ಕೋಣೆಗೆ ಓಡಿ ಬಾಗಿಲು ಹಾಕಿಕೊಳ್ಳುತ್ತಾಳೆ. ಅವನು ಕಂಚಿನ ದೀಪದ ಕಂಬದಿಂದ ಬಾಗಿಲ ಗಾಜು ಒಡೆದು ನುಗ್ಗುತ್ತಾನೆ. ಗಂಡನ ಪಾತ್ರಕ್ಕೆ ಲೈಲ್ ಬ್ರಾನಿಗನ್. ಅವನು ಹುಬ್ಬು ಗಂಟಿಕ್ಕಿ "ನೀನು ನನ್ನವಳು" ಎಂದಾಗೆಲ್ಲ ಗುಂಪಿನ ದೃಶ್ಯಕ್ಕೆ ಬಂದ ಹುಡುಗಿಯರು ಎದೆ ಮೇಲೆ ಕೈಯಿಟ್ಟುಕೊಳ್ಳುತ್ತಿದ್ದರು.

"ಅಯ್ಯೋ, ಹಿಂಗೆ ಪ್ರೀತಿಸೋ ಗಂಡ ಸಿಕ್ಕಿದ್ರೆ!" ಎಂದಳು ಒಬ್ಬಳು, ಊಟದ ಸಾಲಿನಲ್ಲಿ.

ಹಿಂದೆ ತಟ್ಟೆ ಹಿಡಿದು ನಿಂತಿದ್ದ ಹಲ್ಡಾ ಹೇಳಿದಳು: "ಸಿಕ್ಕಿದ್ರೆ ಮೊದ್ಲು ನಿಮ್ಮನೆ ಕಿಟಕಿ ಎಷ್ಟಿದೆ ಅಂತ ಎಣಿಸಿಟ್ಕೊ ಮಗಾ. ಆಮೇಲೆ ಕಾಣಲ್ಲ."

ಹುಡುಗಿಯರಿಗೆ ಅರ್ಥವಾಗಲಿಲ್ಲ. ಮೇವಿಸ್‌ಗೆ ಆಯಿತು.

ನಿರ್ದೇಶಕ ಹಾರ್ಟ್‌ವಿಗ್‌ಗೆ ಆ ಬಾಗಿಲಿನ ದೃಶ್ಯ ಎಲ್ಲೂ ಕತ್ತರಿಸದೆ ಒಂದೇ ಓಟದಲ್ಲಿ ಬೇಕಿತ್ತು. ಗಂಡ ದೂರದಿಂದ ನಡೆದು ಬರಬೇಕು, ಬೇಡಬೇಕು, ಬೆದರಿಸಬೇಕು, ಒಡೆಯಬೇಕು. ನಾಲ್ಕು ನಿಮಿಷ. ಅಷ್ಟೂ ಹೊತ್ತು ಆಳೆತ್ತರದ ಗಾಜು ಉರಿಯುವ ದೀಪಗಳ ಎದುರು ನಿಲ್ಲಬೇಕು. ಸಕ್ಕರೆ ಒಂದು ನಿಮಿಷಕ್ಕೇ ಬೆವರುತ್ತದೆ, ಎರಡಕ್ಕೆ ಬಾಗುತ್ತದೆ.

"ತೆಳ್ಳನೆ ನಿಜವಾದ ಗಾಜೇ ಹಾಕೋಣ," ಎಂದ ಹಾರ್ಟ್‌ವಿಗ್. "ಹಿಂದೆಲ್ಲ ಹಾಗೇ ಮಾಡ್ತಿದ್ವಿ."

ಗಾಜಿನ ಆಚೆ ಒಂದು ಮೊಳ ದೂರದಲ್ಲಿ ನಿಲ್ಲಬೇಕಾದವಳು ಅಡೀಲ್ ಕೋರ್ಟ್ನಿ, ಇಪ್ಪತ್ತೆರಡರ ಹುಡುಗಿ, ಅವಳ ಮೊದಲ ದೊಡ್ಡ ಚಿತ್ರ. ಬೇಡ ಅಂದರೆ ಬೇರೊಬ್ಬಳು ಸಿಗುತ್ತಾಳೆ ಎಂದು ಅವಳಿಗೆ ಗೊತ್ತಿತ್ತು.

"ಹಿಂದೆಲ್ಲ ಎಷ್ಟು ಜನರ ಮೂತಿ ಹೊಲಿಸಿದ್ರಿ ಮಿಸ್ಟರ್ ಹಾರ್ಟ್‌ವಿಗ್?" ಎಂದಳು ಹಲ್ಡಾ. "ನಾಲ್ಕು ನಿಮಿಷ ತಾನೆ? ಕೊಡ್ತೀನಿ. ಶುಕ್ರವಾರದವರೆಗೆ ಸುಮ್ನಿರಿ."

ಪಾಕವನ್ನು ಮಾಮೂಲಿಗಿಂತ ಎರಡು ಡಿಗ್ರಿ ಮುಂದಕ್ಕೆ ಒಯ್ದಳು. ಮಿಠಾಯಿ ಜಾಡಿಯ ಮುಚ್ಚಳದೊಳಗೆ ತೇವ ಹೀರಲು ಸುಟ್ಟ ಸುಣ್ಣದ ಹರಳು ಕಟ್ಟಿಡುತ್ತಿದ್ದ ಹಳೆಯ ಉಪಾಯವನ್ನೇ ದೊಡ್ಡದು ಮಾಡಿ, ಶವಪೆಟ್ಟಿಗೆಯಷ್ಟು ಉದ್ದದ ಪೆಟ್ಟಿಗೆಯ ತಳದಲ್ಲಿ ಸುಣ್ಣ ಹಾಸಿ, ಹೊಯ್ದ ಗಾಜನ್ನು ಚೌಕಟ್ಟಿನ ಸಮೇತ ಅದರಲ್ಲಿ ಮಲಗಿಸಿದಳು. ನಾಲ್ಕು ಹೊಯ್ದಳು. ಒಂದು ಎತ್ತುವಾಗ ಸೀಳಿತು, ಒಂದರೊಳಗೆ ಗುಳ್ಳೆ, ಇನ್ನೊಂದನ್ನು ಲಾಯದ ಬೆಕ್ಕು ತುಳಿದು ಹೋಗಿತ್ತು. ನಾಲ್ಕನೆಯದು ನಿಂತಿತು. ಗುರುವಾರ ಸಂಜೆ ಮೇವಿಸ್ ಪೆಗ್ಗಿಯನ್ನು ಕರೆದುಕೊಂಡು ನೋಡಲು ಹೋದಾಗ, ಪೆಟ್ಟಿಗೆ ಖಾಲಿ ಎಂದು ಮಗು ಕೈ ಹಾಕಲು ಹೊರಟಿತ್ತು.

ಶುಕ್ರವಾರ ಬೆಳಗ್ಗೆ ದೀಪ ಹೊಂದಿಸಿಕೊಳ್ಳಲೆಂದು ಬಾಗಿಲಿಗೆ ನಿಜವಾದ ಗಾಜು ಹಾಕಿದ್ದರು. ಅದು ವಾಡಿಕೆ. ಚಿತ್ರೀಕರಣಕ್ಕೆ ಮೊದಲು ಅದನ್ನು ತೆಗೆದು ಸಕ್ಕರೆಯದನ್ನು ಕೂರಿಸಬೇಕು. ಕೂರಿಸುವವರು ಯಾರು ಎಂಬಲ್ಲಿ ಮಾತ್ರ ಒಂದು ತೊಡಕಿತ್ತು. ಒಡೆಯುವ ವಸ್ತುವೆಲ್ಲ ಸಾಮಾನು ವಿಭಾಗದ ಓಟಿಸ್‌ನದು. ಕೀಲಿನ ಮೇಲೆ ತಿರುಗುವುದೆಲ್ಲ ಕಟ್ಟುವವರ ಮೇಸ್ತ್ರಿ ಸಲ್ಲಿಯದು. ಎರಡು ಕಾರ್ಮಿಕ ಸಂಘ, ಎರಡು ಚಂದಾ ಪುಸ್ತಕ. ಒಬ್ಬನ ಕುರ್ಚಿಯನ್ನು ಇನ್ನೊಬ್ಬ ಸರಿಸಿದರೂ ದೂರು ಹೋಗುತ್ತಿತ್ತು. ಒಡೆಯುವ ಬಾಗಿಲು ಯಾರದು ಎಂದು ಯಾರೂ ಕೇಳಲಿಲ್ಲ, ಯಾಕೆಂದರೆ ಇಬ್ಬರಿಗೂ ಅದು ತಮ್ಮದೇ ಎಂಬುದರಲ್ಲಿ ಸಂಶಯವಿರಲಿಲ್ಲ. ಹಲ್ಡಾಳಂತೂ ಯಾವ ಸಂಘಕ್ಕೂ ಸೇರದವಳು, ಸೆಟ್ಟಿನ ಮೇಲೆ ಮೊಳೆಯನ್ನೂ ಮುಟ್ಟುವಂತಿಲ್ಲ. ಆಕೆ ಪೆಟ್ಟಿಗೆ ತೆರೆದು, ಗಾಜಿನ ಅಂಚನ್ನು ನೆಕ್ಕಿ, ಓಟಿಸ್‌ಗೆ ಒಪ್ಪಿಸಿದಳು. ಬಾಗಿಲಿಗೆ ಹಾಕಿದ ಮೇಲೆ ನಾಲಿಗೆ ತಾಗಿಸಕೂಡದು, ದೀಪಕ್ಕೆ ಗುರುತು ಹೊಳೆಯುತ್ತದೆ ಎಂದು ಹಾರ್ಟ್‌ವಿಗ್ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ.

ಊಟದ ಬಿಡುವಿಗೆ ಸ್ವಲ್ಪ ಮುಂಚೆ ಓಟಿಸ್ ಗಾಜು ಬದಲಾಯಿಸಿದ. ನಿಜವಾದದ್ದನ್ನು ಹಿಂದಿನ ಗೋಡೆಗೆ ಆನಿಸಿ ಕಂಬಳಿ ಹೊದಿಸಿದ. ಮೇವಿಸ್ ಅದನ್ನು ನೋಡಿ, ಹೊತ್ತು ಸಮೇತ ಹಾಳೆಯಲ್ಲಿ ಬರೆದುಕೊಂಡು, ಊಟಕ್ಕೆ ಎದ್ದಳು. ಎಲ್ಲರೂ ಎದ್ದರು. ಬಿಡುವು ಮುಗಿಯುವ ಐದು ನಿಮಿಷ ಮೊದಲು ಸಲ್ಲಿಯ ಆಳುಗಳಿಬ್ಬರು ಬಂದರು. 'ಊಟದ ನಂತರ ಬಾಗಿಲ ಗಾಜು ಬದಲಿ' ಎಂದು ಅವರ ಚೀಟಿಯಲ್ಲಿತ್ತು. ಬಾಗಿಲಲ್ಲಿದ್ದ ಚೌಕಟ್ಟನ್ನು ಎತ್ತಿ ಈಚೆ ಇಟ್ಟರು, ಕಂಬಳಿಯ ಕೆಳಗಿದ್ದದ್ದನ್ನು ಬಾಗಿಲಿಗೆ ಹಾಕಿದರು, ಕಂಬಳಿ ಮತ್ತೆ ಹೊದಿಸಿದರು. ಕೈಗೆ ಚರ್ಮದ ಗವಸು, ಮುಟ್ಟಿದ್ದು ಮರದ ಚೌಕಟ್ಟನ್ನು ಮಾತ್ರ. ಇನ್ನು ಕಣ್ಣಿಗೆ ವ್ಯತ್ಯಾಸ ಕಾಣದ ಹಾಗೆ ಮಾಡಿದವಳು ಹಲ್ಡಾಳೇ.

ಎರಡು ಟೇಕು ಬ್ರಾನಿಗನ್ ಅರ್ಧ ದಾರಿಯಲ್ಲೇ ಮಾತು ಮರೆತು ಕೆಟ್ಟವು. ಮೂರನೆಯದಕ್ಕೆ ಗಂಟೆ ಹೊಡೆಯಿತು, ಕೆಂಪು ದೀಪ ಹತ್ತಿತು, ಬಿರುಗಾಳಿಯ ಎರಡು ಯಂತ್ರಗಳು ಗುಂಯ್ಯೆಂದು ಎದ್ದವು. ಆ ಗದ್ದಲದಲ್ಲಿ ಪಕ್ಕದವನ ಮಾತೂ ಕೇಳುತ್ತಿರಲಿಲ್ಲ. ಸಂಭಾಷಣೆಯನ್ನು ಆಮೇಲೆ ಕೂಡಿಸುವುದೆಂದು ತೀರ್ಮಾನವಾಗಿತ್ತು. ಮೇವಿಸ್ ಕ್ಯಾಮೆರಾದ ಎಡಕ್ಕೆ ಸ್ಟೂಲಿನ ಮೇಲಿದ್ದಳು. ಹಲ್ಡಾ ಕೊಟ್ಟಿಗೆ ತೊಳೆದಿಟ್ಟು ಆಗಷ್ಟೇ ಬಂದು ಗೋಡೆಯ ಬದಿ ನಿಂತಳು.

ಅಲ್ಲಿ ನೊಣ ಹೊಡೆಯುವ ಗಸ್ ಮುದುಕ ಕಾಲು ಚಾಚಿ ಕೂತಿದ್ದ. ಸಕ್ಕರೆ ಗಾಜಿದ್ದ ದಿನ ಅವನಿಗೆ ಉಸಿರಾಡಲು ಬಿಡುವಿರುತ್ತಿರಲಿಲ್ಲ. ಉದ್ದ ಕೋಲಿನ ತುದಿಗೆ ಬಲೆ ಕಟ್ಟಿಕೊಂಡು ಓಡಾಡುತ್ತಿದ್ದ. ಹಲ್ಡಾ ಅವನತ್ತ ಬಗ್ಗಿ ಏನೋ ಕೇಳಿದ್ದು, ಅವನು ಖುಷಿಯಿಂದ ಬರಿಗೈ ತೋರಿಸಿದ್ದು ಮೇವಿಸ್‌ಗೆ ಕಂಡಿತು. ಇವತ್ತು ಒಂದೂ ನೊಣವಿಲ್ಲ ಎಂದು ಅವನು ಹೇಳಿದನೆಂಬುದು ಆಮೇಲೆ ತಿಳಿಯಿತು. ಹಲ್ಡಾ ಬಾಗಿಲನ್ನು ನೋಡಿದಳು. ತಿರುಗಿ ಹಿಂದಿನ ಗೋಡೆಗೆ ಆನಿಸಿದ್ದ ಕಂಬಳಿಯನ್ನು ನೋಡಿದಳು. ಕಂಬಳಿಯ ಮೇಲೆ ನೊಣಗಳು ಎಳ್ಳು ಚೆಲ್ಲಿದ ಹಾಗೆ ಕೂತಿದ್ದವು.

ಆಕೆ ಕೂಗಿದಳು. ಬಾಯಿ ತೆರೆದು ಮುಚ್ಚಿದ್ದು ಮೇವಿಸ್‌ಗೆ ಕಂಡಿತೇ ಹೊರತು ದನಿ ಯಂತ್ರದ ಸದ್ದಿನಲ್ಲಿ ಕೊಚ್ಚಿಹೋಯಿತು. ಬ್ರಾನಿಗನ್ ಅಷ್ಟರಲ್ಲಿ ಬಾಗಿಲ ಹತ್ತಿರ ಬಂದಿದ್ದ. ಗಾಜಿನಾಚೆ ಅಡೀಲ್ ಕೆನ್ನೆಯನ್ನು ಹೆಚ್ಚುಕಡಿಮೆ ಗಾಜಿಗೇ ತಾಗಿಸಿ ಅಳುತ್ತಿದ್ದಳು. ಅವಳು ನಿಲ್ಲಬೇಕಾದ ಗುರುತಿಗಿಂತ ಮುಂದೆ ಬಂದಿದ್ದಳು. ಕಂಚಿನ ಕಂಬ ಮೇಲೆದ್ದಿತು.

ಹಲ್ಡಾ ಒಂದು ಗಳಿಗೆ ಕ್ಯಾಮೆರಾ ಕಡೆ ನೋಡಿದಳು. ಅದರ ಕಣ್ಣು ಯಾವ ಕಡೆಗಿದೆ, ಬೆಳಕಿನ ಅಂಚು ಎಲ್ಲಿದೆ ಎಂಬುದು ಹನ್ನೆರಡು ವರ್ಷ ಅದರಿಂದ ತಪ್ಪಿಸಿಕೊಂಡವಳಿಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು? ಆಮೇಲೆ ಆ ಅಂಚನ್ನು ದಾಟಿದಳು. ಓಡಲಿಲ್ಲ, ದಾಪುಗಾಲು ಹಾಕಿ ನಡೆದಳು. ಬ್ರಾನಿಗನ್‌ಗೂ ಬಾಗಿಲಿಗೂ ನಡುವೆ ಹೊಕ್ಕು, ಬೆನ್ನನ್ನು ಗಾಜಿಗೆ ಕೊಟ್ಟು, ಎರಡೂ ತೋಳು ಅಗಲಿಸಿ ನಿಂತಳು. ಅಷ್ಟೂ ದೀಪಗಳು ಆಕೆಯ ಮುಖದ ಮೇಲೆ. ಕಂಬ ಎತ್ತಿದ ಗಂಡಸು ಎದುರಿಗೆ.

ಆ ಮುಖವನ್ನು ಮೇವಿಸ್ ಆ ದಿನದ ದಿನಚರಿಯಲ್ಲಿ ಎರಡು ಸಲ ಬರೆದು ಎರಡು ಸಲವೂ ಹೊಡೆದುಹಾಕಿದಳು. ಹೆದರಿಕೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೆದರಿಕೆಯಿತ್ತು, ಕಾಲು ಕದಲಲಿಲ್ಲ, ಅಷ್ಟೇ.

ಬ್ರಾನಿಗನ್ ಕಂಬವನ್ನು ಗಾಳಿಯಲ್ಲೇ ತಡೆದ. ಯಾರೋ ಯಂತ್ರ ನಿಲ್ಲಿಸಿದರು. ಆ ಮೌನದಲ್ಲಿ ಹಾರ್ಟ್‌ವಿಗ್ ಎದ್ದು, ಕೆಂಪಗಾಗಿ, "ಯಾರ್ರೀ ಅದು? ಯಾರು ಬಿಟ್ಟೋರು ಅವಳನ್ನ?" ಎಂದು ಅರ್ಧ ಕೂಗುವಷ್ಟರಲ್ಲಿ ಹಲ್ಡಾ ತಿರುಗಿ, ಎಲ್ಲರೆದುರು, ಬಾಗಿಲ ಗಾಜನ್ನು ಉದ್ದಕ್ಕೆ ಒಮ್ಮೆ ನೆಕ್ಕಿದಳು.

"ಗಾಜು," ಎಂದಳು. "ನಿಮ್ಮ ಗಾಜು ಇದು. ನಂದು ಆ ಕಂಬಳಿ ಕೆಳಗಿದೆ."

ಓಟಿಸ್ ಸಲ್ಲಿಯನ್ನು ನೋಡಿದ. ಸಲ್ಲಿ ಓಟಿಸ್‌ನನ್ನು ನೋಡಿದ. ಅಡೀಲ್ ಗಾಜಿನಿಂದ ಹಿಂದೆ ಸರಿದಳು. ಅರ್ಧ ಗಂಟೆಯ ನಂತರ ಸಕ್ಕರೆ ಗಾಜು ಹಾಕಿ ತೆಗೆದ ನಾಲ್ಕನೇ ಟೇಕಿನಲ್ಲಿ ಅದು ನಾಲ್ಕು ನಿಮಿಷ ಹತ್ತು ಸೆಕೆಂಡು ಒಂದು ಹನಿಯೂ ಬೆವರದೆ ನಿಂತು, ಬೀಳಬೇಕಾದಾಗ ಜಲಪಾತದ ಹಾಗೆ ಬಿದ್ದಿತು. ಅವತ್ತು ಯಾರೂ ಕಾಗದದ ಚೀಲ ತೆಗೆಯಲಿಲ್ಲ. ಹಲ್ಡಾಳೇ ಗುಡಿಸಿ ಮೊದಲ ಮುಷ್ಟಿಯನ್ನು ಅಡೀಲ್‌ಗೆ ಕೊಟ್ಟಳು. "ತಿನ್ನು ಮಗಾ, ಇದು ಸಕ್ಕರೆಯೇ."

ಹಾರ್ಟ್‌ವಿಗ್ ಕೆಟ್ಟವನಲ್ಲ. ಹ್ಯಾಟು ತೆಗೆದು ಆಕೆಯ ಕೈ ಕುಲುಕಿದ. ಅದು ಅಷ್ಟಕ್ಕೇ ನಿಲ್ಲಲಿಲ್ಲ. ಪ್ರಚಾರ ವಿಭಾಗದ ಯುವಕನೊಬ್ಬ ಓಡಿ ಬಂದ.

"ಸರ್, ಕ್ಯಾಮೆರಾ ಓಡ್ತಿತ್ತಾ? ಆಯಮ್ಮ ಬಂದು ನಿಂತಿದ್ದು ಬಿದ್ದಿದೆಯಾ?"

"ಪೂರ್ತಿ ಬಿದ್ದಿದೆ."

"ಹಾಗಾದ್ರೆ ಸುದ್ದಿ ಚಿತ್ರಕ್ಕೆ ಕೊಡಿ ಸರ್! ಮುಂದಿನ ವಾರ ದೇಶದ ಒಂದೊಂದು ಊರಿನ ಥಿಯೇಟರಲ್ಲೂ ಓಡುತ್ತೆ. ನಾಯಕಿಯ ಮುಖ ಉಳಿಸಿದ ಸಕ್ಕರೆಯಮ್ಮ! ಜನ ಮುಗಿಬೀಳ್ತಾರೆ."

"ಬೇಡಪ್ಪ," ಎಂದಳು ಹಲ್ಡಾ. "ನನ್ನ ಮುಖಕ್ಕೆ ಜನ ಬರಲ್ಲ, ಬಂದೋರೂ ಎದ್ದು ಹೋಗ್ತಾರೆ."

"ನಾಚ್ಕೋಬೇಡಿ ಅಮ್ಮಾ. ಕ್ಯಾಮೆರಾ ಮುಂದೆ ಬಂದ ಮೇಲೆ ಅದು ಸ್ಟುಡಿಯೋದ ಸೊತ್ತು, ನಿಮ್ಮದಲ್ಲ."

ಹಾರ್ಟ್‌ವಿಗ್ ಮೇವಿಸ್ ಕಡೆ ತಿರುಗಿ, "ಮೂರನೇ ಟೇಕನ್ನೂ ಪ್ರಿಂಟಿಗೆ ಹಾಕಿಬಿಡು," ಎಂದು ಹೇಳಿ ಹೋದ. ಹಲ್ಡಾ ಪೊರಕೆ ಎತ್ತಿಕೊಂಡು ಹೊರಟಳು.

ಐದೂವರೆಗೆ ಮೇವಿಸ್ ಕೊಟ್ಟಿಗೆಗೆ ಹೋದಾಗ ಹಲ್ಡಾ ಕಡಾಯಿಗೆ ಬಿಸಿನೀರು ಬಿಟ್ಟು, ಅಂಟಿದ ಪಾಕ ಕರಗಲೆಂದು ಕಾಯುತ್ತ ಕೂತಿದ್ದಳು. ಪಕ್ಕದಲ್ಲಿ ಕಾಫಿ ತಣ್ಣಗಾಗಿತ್ತು. ಮೇವಿಸ್ ಅಲ್ಲಿದ್ದ ಇನ್ನೊಂದು ಸ್ಟೂಲು ಎಳೆದುಕೊಂಡಳು. ತೊಡೆಯ ಮೇಲೆ ಆ ದಿನದ ಹಾಳೆಗಳು. ಆರು ಗಂಟೆಗೆ ಫಿಲ್ಮಿನ ಡಬ್ಬಿಗಳ ಜೊತೆ ಅವು ಲ್ಯಾಬಿಗೆ ಹೋಗಬೇಕು. ಯಾವ ಟೇಕಿನ ಸಂಖ್ಯೆಗೆ ಅವಳು ಪೆನ್ಸಿಲಿನಿಂದ ಸುತ್ತು ಹಾಕಿರುತ್ತಾಳೋ ಅಷ್ಟನ್ನೇ ಅಲ್ಲಿ ಪ್ರಿಂಟು ಹಾಕುವುದು. ಸುತ್ತಿಲ್ಲದ್ದು ಕತ್ತಲೆಯ ಗೋದಾಮಿಗೆ ಹೋಗುತ್ತದೆ, ಚಿತ್ರ ಮುಗಿದ ಮೇಲೆ ಬೆಂಕಿಗೆ. ನಾಲ್ಕಕ್ಕೆ ಸುತ್ತು ಹಾಕಿಯಾಗಿತ್ತು. ಮೂರಕ್ಕೆ ಇನ್ನೂ ಇಲ್ಲ. ಆರು ವರ್ಷದಲ್ಲಿ ಅವಳು ಹಾಳೆಯಲ್ಲಿ ಒಂದು ಸುಳ್ಳೂ ಬರೆದವಳಲ್ಲ, ಹೇಳಿದ ಒಂದು ಸುತ್ತೂ ಬಿಟ್ಟವಳಲ್ಲ. ಮದುವೆಯಾದ ಮೇಲೂ, ಮಗುವಾದ ಮೇಲೂ ಸ್ಟುಡಿಯೋ ಅವಳನ್ನು ಕೆಲಸದಲ್ಲಿ ಇಟ್ಟುಕೊಂಡದ್ದು ಆ ಒಂದು ಕಾರಣಕ್ಕೆ.

"ಗೊತ್ತಿದ್ದೂ ಹೋದ್ರಲ್ಲ ಹಲ್ಡಾ," ಎಂದಳು.

"ಇನ್ನೇನು ಮಾಡ್ಲಿ? ಆ ಹುಡುಗಿ ಕೆನ್ನೆ ಅಂಟಿಸ್ಕೊಂಡು ನಿಂತಿತ್ತು." ಹಲ್ಡಾ ಕಡಾಯಿಯನ್ನು ಅಲುಗಿಸಿದಳು. "ಮತ್ತೆ ಹಂಗೇ ಆದ್ರೆ ಮತ್ತೆ ಹೋಗ್ತೀನಿ. ಅದರ ಬಗ್ಗೆ ಬೇಜಾರಿಲ್ಲ ನಂಗೆ."

"ಡುಲೂತಲ್ಲಿ ಥಿಯೇಟರ್ ಇದೆಯಾ?"

"ಮೂರಿದೆ. ಅವನಿಗೆ ಸಿನಿಮಾ ಅಂದ್ರೆ ಪ್ರಾಣ." ಹಲ್ಡಾ ಕಡಾಯಿಯ ಅಂಚನ್ನು ಉಗುರಿನಿಂದ ಕೆರೆದಳು. "ನಂಗೆ ಐವತ್ತೆರಡು ಮೇವಿಸ್. ಈ ಕಡಾಯಿ ಹೊತ್ಕೊಂಡು ಇನ್ನೊಂದು ಊರು ಹುಡುಕೋ ಶಕ್ತಿ ಇಲ್ಲ. ಎದುರು ಮನೇಲಿ ಪೆಗ್ಗಿ ಇರೋ ಊರು ಬೇರೆ ಎಲ್ಲಿ ಸಿಗುತ್ತೆ?"

ಹೊರಗೆ ಯಾರೋ ಕುದುರೆಗಳಿಗೆ ಹುಲ್ಲು ಹಾಕುತ್ತಿದ್ದರು. ಲ್ಯಾಬಿನ ಗಾಡಿ ಗೇಟಿನ ಹತ್ತಿರ ಬಂದು ನಿಂತ ಸದ್ದಾಯಿತು.

ಹಲ್ಡಾ ಒದ್ದೆ ಕೈಗಳನ್ನು ಏಪ್ರನ್ನಿಗೆ ಒರೆಸಿಕೊಂಡಳು. ಯಾರ ಹತ್ತಿರವೂ ಒಂದು ಚಮಚ ಕಾಫಿ ಪುಡಿಯನ್ನೂ ಬೇಡಿದವಳಲ್ಲ ಆಕೆ. ಹೇಗೆ ಶುರು ಮಾಡಬೇಕೆಂದು ತಿಳಿಯದೆ ಮೊದಲು ಹಾಳೆಗಳನ್ನು ನೋಡಿದಳು, ಆಮೇಲೆ ಮೇವಿಸ್‌ಳ ಕೈಯಲ್ಲಿದ್ದ ಪೆನ್ಸಿಲನ್ನು.

"ನಿನ್ನ ಕೆಲಸಕ್ಕೆ ಕುತ್ತು ಬರೋ ಹಾಗಿದ್ರೆ ಬೇಡ. ಮಗು ಇರೋಳು ನೀನು, ಅದನ್ನ ಯೋಚ್ನೆ ಮಾಡಿ ಹೇಳು. ಸಾಧ್ಯ ಇದ್ರೆ... ಆ ಮೂರಕ್ಕೆ ಸುತ್ತು ಹಾಕೋದನ್ನ ಇವತ್ತೊಂದಿನ ಮರ್ತುಬಿಡ್ತೀಯಾ?"